ಹಳ್ಳಿಗಾಡಿನ ಮಾಧ್ಯಮಿಕ ಶಾಲೆಗಳ ತುಲನೆ

ಶಾಲೆಗಳನ್ನು ಒಂದರೊಡನೆ ಒಂದನ್ನು ಹೋಲಿಸಿ ನೋಡುವುದು ಪಟ್ಟಣವಾಸಿಗಳಾದ ನಮಗೆ ಒಂದು ವಿನೋದವೇ ಆಗಿಬಿಟ್ಟಿದೆ. ಬೇಸಗೆಯ ರಜ ಬಂತೆಂದರೆ ನಾಲ್ವರು ಕೂಡಿದ ಕಡೆಯಲ್ಲೆಲ್ಲ ಯಾವ ಶಾಲೆ ಮೇಲು, ಯಾವುದು ಕಡಮೆ ಎಂಬ ಮಾತು ಏಳುತ್ತದೆ. ಈ ಹೋಲಿಕೆಯಲ್ಲಿ ತಪ್ಪಿದರೂ ನಮಗೆ ಆಗುವ ನಷ್ಟ ಅಷ್ಟಕ್ಕಷ್ಟೆ. ಒಂದು ಶಾಲೆ ಸರಿಬೀಳದಿದ್ದರೆ ಮುಂದಿನ ಬೀದಿಯಲ್ಲಿ ಇನ್ನೊಂದುಂಟು. ಹಳ್ಳಿಗಾಡಿನಲ್ಲಿ ಹಾಗಲ್ಲ. ಅಲ್ಲಿ ಶಾಲೆಗಳನ್ನು ಹೋಲಿಸುವವರು ಬಹುಮಟ್ಟಿಗೆ ತಂದೆತಾಯಿಗಳಲ್ಲ, ಕಛೇರಿಗಳು. ಹೋಲಿಕೆಯ ಫಲವಾಗಿ ಒಂದು ಊರಿಗೆ ಉಪಾಧ್ಯಾಯರು ಬರುತ್ತಾರೆ, ಇನ್ನೊಂದು ಊರಿನಿಂದ ಹೋಗುತ್ತಾರೆ. ಒಂದು ಶಾಲೆ ಬೆಳೆಯುತ್ತದೆ, ಇನ್ನೊಂದಕ್ಕೆ ಬೀಗ ಬೀಳುತ್ತದೆ. ಆದಕಾರಣ ಆ ಹೋಲಿಕೆಯನ್ನು ಯಾವ ತಕ್ಕಡಿಯಲ್ಲಿ ಮಾಡುತ್ತಾರೆ, ತಕ್ಕಡಿ ಸಮವಾಗಿದೆಯೆ ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ಉದಾಹರಣೆಗೆ ಒಂದು ತಾಲ್ಲೂಕು ಬೇಕು. ಮೈಸೂರು ಜಿಲ್ಲೆಯ ನೈಋತ್ಯದ ಮೂಲೆಯಲ್ಲಿರುವ ಹೆಗ್ಗಡದೇವನಕೋಟೆಯ ಸೀಮೆಯನ್ನು ತೆಗೆದುಕೊಳ್ಳುತ್ತೇವೆ. ಅದರ ಒಂದು ಭಾಗವಾಗಿದ್ದ ಸರಗೂರು ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕಾಗಿದೆ. ನಮ್ಮ ಮಾತು ಎರಡಕ್ಕೂ ಸಲ್ಲುತ್ತದೆ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಬಂಡೀಪುರದ ಕಾಡು, ನಡುವೆ ಕಪಿಲೆ. ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರು ಹಲವು ಊರುಗಳನ್ನು ನುಂಗಿತು. ಆ ಊರಿನವರು ಬೇರೆ ಎಡೆಗಳಲ್ಲಿ ನೆಲೆ ಹೂಡಿದರು. ಹತ್ತಿ, ರಾಗಿ, ಹೊಗೆಸೊಪ್ಪಿನ ಬೇಸಾಯ. ಕಾಡಂಚಿನಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳು. ಇಂಥ ಸೀಮೆಯಲ್ಲಿ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ವಿದ್ಯಾಭ್ಯಾಸ, ಎಂದರೆ ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಓದು, ಹೇಗೆ ನಡೆಯುತ್ತದೆ? ಹಿರಿಯರು ಮಿಡ್ಲ್ ಸ್ಕೂಲು ಎಂದು ಕರೆಯುತ್ತಿದ್ದುದು ಇದನ್ನೇ. ಹಳೆಯ ಹೆಸರು ಸರ್ಕಾರದ ಫಲಕಗಳಿಂದ ಮರೆಯಾಗಿದೆ, ಹಿರಿಯ ಪ್ರಾಥಮಿಕ ಶಾಲೆ ಎಂಬ ಹೆಸರು ಬಂದಿದೆ. ಆದರೆ ಹಳ್ಳಿಯ ಮುದುಕರ ಬಾಯಲ್ಲಿ ಇಂದಿಗೂ ಅದು ಮಿಡ್ಲ್ ಸ್ಕೂಲೇ.

ಪ್ರಾರಂಭಿಕ ಪಾಠಶಾಲೆಯ ಕತೆ ನಮ್ಮ ನಾಡಿನಲ್ಲಿ ಹಳೆಯದು. ಶಾಸನಗಳ ಸಂಗ್ರಹದಿಂದ ಹೆಸರಾದ ಬಿ. ಎಲ್. ರೈಸರು ವಿದ್ಯಾ ಇಲಾಖೆಯಲ್ಲಿದ್ದಾಗ ೧೮೬೮ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಹೂಡಿದರು. ಆಗ ಹೋಬಳಿಗೆ ಒಂದು ಶಾಲೆಯಾದರೆ ಅದೇ ದೊಡ್ಡ ಸಂಗತಿ. ಈಗ ಒಂದು ಹೋಬಳಿಯಲ್ಲಿ ಹತ್ತಾರು ಶಾಲೆಗಳಿವೆ. ತೊಡಕು ಹುಟ್ಟಿರುವುದು ಅವೆಲ್ಲ ಒಂದೇ ಜಾತಿಯವಲ್ಲ ಎಂಬುದರಿಂದ.

ಹಳ್ಳಿಯ ಹುಡುಗನೊಬ್ಬ ಐದನೆಯ ತರಗತಿ ಮುಗಿಸಿದನೆನ್ನೋಣ. ಅವನ ಮುಂದೆ ಎಷ್ಟು ಬಾಗಿಲುಗಳಿವೆ ನೋಡಿ. ಊರಿನಲ್ಲೋ ಪಕ್ಕದ ಊರಿನಲ್ಲೋ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಒಂದು; ಅದು ಕೆಲವೆಡೆ ಏಳಕ್ಕೆ ನಿಲ್ಲುತ್ತದೆ, ಕೆಲವೆಡೆ ಎಂಟರವರೆಗೆ ಹೋಗುತ್ತದೆ. ಆರರಿಂದ ಹತ್ತರವರೆಗೆ ಊಟ ವಸತಿಗಳನ್ನು ಕೊಟ್ಟು ಓದಿಸುವ ಮೊರಾರ್ಜಿ ದೇಸಾಯಿ ವಸತಿ ಶಾಲೆಯಂಥವು ಇನ್ನೊಂದು ಬಗೆ. ಹಿಂದುಳಿದವೆಂದು ಗುರುತಿಸಿದ ಬ್ಲಾಕುಗಳಿಗಾಗಿ ತೆರೆದ ಆದರ್ಶ ವಿದ್ಯಾಲಯಗಳದು ಮತ್ತೊಂದು ಬಗೆ; ಅಲ್ಲಿ ಇಂಗ್ಲಿಷಿನಲ್ಲಿ ಪಾಠ. ಜಿಲ್ಲೆಗೊಂದರಂತೆ ನವೋದಯ. ಹಾಡಿಯ ಮಕ್ಕಳಿಗೆ ಆಶ್ರಮ ಶಾಲೆ. ೨೦೧೮ರ ಸುಮಾರಿನಿಂದ ಶಿಶುವಿಹಾರ ಮೊದಲ್ಗೊಂಡು ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆ. ಎಲ್ಲವೂ ಸರ್ಕಾರದ ಹಣದಿಂದ ನಡೆಯುವಂಥವು; ಎಲ್ಲವೂ ಸಾರ್ವಜನಿಕ ಶಾಲೆಗಳೇ. ಆದರೆ ಇವುಗಳಲ್ಲಿ ಕೆಲವಕ್ಕೆ ಬಾಗಿಲಲ್ಲಿ ಒಂದು ಜರಡಿ ಉಂಟು. ಮೊರಾರ್ಜಿ, ಆದರ್ಶ, ನವೋದಯ, ಇವು ಪ್ರವೇಶಪರೀಕ್ಷೆಯಿಟ್ಟು ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಹಳ್ಳಿಯ ಶಾಲೆಗೆ ಆರಿಸುವ ಅಧಿಕಾರವಿಲ್ಲ. ಬಂದವರನ್ನೆಲ್ಲ ಕೂರಿಸಿಕೊಳ್ಳುವುದೇ ಅದರ ಧರ್ಮ.

ಈ ಜರಡಿ ಅಂಕಿಗಳನ್ನು ಏನು ಮಾಡುತ್ತದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ಒಂದು ಶಾಲೆಯ ಐದನೆಯ ತರಗತಿಯಲ್ಲಿ ೨೦ ಮಕ್ಕಳು. ಸರಾಸರಿ ೫೦ ಅಂಕ. ಅವರಲ್ಲಿ ಚುರುಕಾದ ನಾಲ್ವರ ಸರಾಸರಿ ೮೦. ಆ ನಾಲ್ವರೂ ವಸತಿ ಶಾಲೆಗೆ ಆಯ್ಕೆಯಾಗಿ ಹೋದರು. ಉಳಿದ ೧೬ ಮಕ್ಕಳ ಸರಾಸರಿ ಈಗ ನಲವತ್ತೆರಡೂವರೆ. ಯಾರೂ ಏನನ್ನೂ ಮರೆಯಲಿಲ್ಲ. ಯಾವ ಉಪಾಧ್ಯಾಯರೂ ಪಾಠ ಬಿಡಲಿಲ್ಲ. ಆದರೂ ಹಳ್ಳಿಯ ಶಾಲೆ ಒಂದೇ ದಿನದಲ್ಲಿ ಏಳೂವರೆ ಅಂಕ ಕೆಳಗಿಳಿಯಿತು. ವಸತಿ ಶಾಲೆ ಒಂದು ಗಂಟೆಯ ಪಾಠವನ್ನೂ ಹೇಳುವ ಮುಂಚೆ ೮೦ಕ್ಕೆ ಏರಿ ಕುಳಿತಿತು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಒಂದರ ಮುಂದೆ ಉತ್ತಮ, ಇನ್ನೊಂದರ ಮುಂದೆ ಸಾಧಾರಣ ಎಂದು ಗುರುತು ಹಾಕುವುದು ನ್ಯಾಯವೆ? ವಸತಿ ಶಾಲೆಗಳು ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಬಡವರ ಮನೆಯ ಎಷ್ಟೋ ಮಕ್ಕಳಿಗೆ ಅವು ಎರಡು ಹೊತ್ತಿನ ಅನ್ನವನ್ನೂ ದೀಪದ ಬೆಳಕನ್ನೂ ಕೊಟ್ಟಿವೆ. ಅವುಗಳ ಹಿರಿಮೆಯನ್ನು ಹೇಳುವಾಗ ಆ ಹಿರಿಮೆಯ ಒಂದು ಪಾಲು ಹಳ್ಳಿಯ ಶಾಲೆಯಿಂದ ಹೊರಟುಬಂದದ್ದು ಎಂಬುದನ್ನು ಮರೆಯಬಾರದು, ಅಷ್ಟೆ.

ಇನ್ನೊಂದು ಮೋಸ ಸಣ್ಣ ಸಂಖ್ಯೆಯದು. ಇದನ್ನು ವಿದ್ಯಾವಂತರೂ ಗಮನಿಸುವುದಿಲ್ಲವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಕಾಡಂಚಿನ ಶಾಲೆಯ ಏಳನೆಯ ತರಗತಿಯಲ್ಲಿ ಹತ್ತು ಮಕ್ಕಳಿದ್ದಾರೆನ್ನಿ. ಪಟ್ಟಣದ ಶಾಲೆಯಲ್ಲಿ ಅರವತ್ತು. ಪರೀಕ್ಷೆಯ ದಿನ ಒಂದು ಮಗುವಿಗೆ ಜ್ವರ ಬಂದರೆ ಮೊದಲನೆಯದರ ಫಲಿತಾಂಶ ನೂರಕ್ಕೆ ಹತ್ತು ಇಳಿಯುತ್ತದೆ. ಎರಡನೆಯದರದು ಎರಡು ಸಹ ಇಳಿಯುವುದಿಲ್ಲ. ನಾಣ್ಯವನ್ನು ಚಿಮ್ಮಿ ನೋಡುವ ಆಟವನ್ನು ನೆನೆಯಿರಿ. ಹತ್ತು ನಾಣ್ಯಗಳನ್ನು ಚಿಮ್ಮಿದರೆ ಎಂಟೋ ಅದಕ್ಕಿಂತ ಹೆಚ್ಚೋ ತಲೆ ಬೀಳುವ ಸಂಭವ ೧,೦೨೪ರಲ್ಲಿ ೫೬, ಎಂದರೆ ಹದಿನೆಂಟು ಸಲಕ್ಕೊಮ್ಮೆ. ಅರವತ್ತು ನಾಣ್ಯಗಳನ್ನು ಚಿಮ್ಮಿ ಅದೇ ಪ್ರಮಾಣದಲ್ಲಿ, ಎಂದರೆ ನಲವತ್ತೆಂಟು ತಲೆ, ಬೀಳಬೇಕೆಂದರೆ ಲಕ್ಷ ಸಲ ಚಿಮ್ಮಿದರೂ ಒಮ್ಮೆ ಬೀಳುತ್ತದೆಂಬ ಭರವಸೆಯಿಲ್ಲ. ಒಂದು ತಾಲ್ಲೂಕಿನ ಸಣ್ಣ ಶಾಲೆಗಳನ್ನೂ ದೊಡ್ಡ ಶಾಲೆಗಳನ್ನೂ ಬೆರಸಿ ಪಟ್ಟಿ ಮಾಡಿದರೆ ಪಟ್ಟಿಯ ತಲೆಯಲ್ಲಿಯೂ ಸಣ್ಣ ಶಾಲೆಗಳೇ, ಬುಡದಲ್ಲಿಯೂ ಸಣ್ಣ ಶಾಲೆಗಳೇ ಕಾಣುತ್ತವೆ. ದೊಡ್ಡವು ನಡುವೆ ಸುಖವಾಗಿರುತ್ತವೆ. ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ಶಾಲೆಗಳ ಅಂಕಗಳನ್ನು ಪರಿಶೀಲಿಸಿದ ಕೇನ್ ಮತ್ತು ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು ೨೦೦೨ರಲ್ಲಿ ಇದನ್ನೇ ತೋರಿಸಿಕೊಟ್ಟರು. ಈ ವರ್ಷ ಬಹುಮಾನ ಪಡೆದ ಸಣ್ಣ ಶಾಲೆ ಬರುವ ವರ್ಷ ಛೀಮಾರಿ ಪಡೆಯಬಹುದು. ಎರಡಕ್ಕೂ ಅಲ್ಲಿನ ಉಪಾಧ್ಯಾಯರು ಹೊಣೆಯಲ್ಲದೆ ಇರಬಹುದು. ಮೂರು ನಾಲ್ಕು ವರ್ಷಗಳ ಅಂಕಗಳನ್ನು ಕೂಡಿಸಿ ನೋಡಿದರೆ ಈ ಓಲಾಟ ತಕ್ಕಮಟ್ಟಿಗೆ ತಗ್ಗುತ್ತದೆ. ಕಛೇರಿಗಳಿಗೆ ಅಷ್ಟು ಸೈರಣೆ ಇದ್ದಂತೆ ತೋರುವುದಿಲ್ಲ.

ತೇರ್ಗಡೆಯ ಲೆಕ್ಕವಂತೂ ಈ ಮಟ್ಟದಲ್ಲಿ ಪ್ರಯೋಜನಕ್ಕೆ ಬಾರದು. ಹಿಂದೆ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅದರ ಭಯವನ್ನು ಅನುಭವಿಸಿದವರು ಈಗ ಕೇಳುತ್ತಿರುವವರಲ್ಲಿಯೂ ಇರಬೇಕು. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ನಪಾಸು ಮಾಡಕೂಡದೆಂದಿತು. ೨೦೧೯ರ ತಿದ್ದುಪಡಿ ಆ ಕಟ್ಟನ್ನು ಸಡಿಲಿಸಿತು. ಹೀಗಾಗಿ ಹಲವು ವರ್ಷ ಎಲ್ಲ ಶಾಲೆಗಳಲ್ಲಿಯೂ ನೂರಕ್ಕೆ ನೂರು ತೇರ್ಗಡೆ. ಎಲ್ಲ ಬಟ್ಟೆಯೂ ಒಂದೇ ಅಳತೆ ಎನ್ನುವ ಗಜಕಡ್ಡಿಯಿಂದ ದರ್ಜಿಗೆ ಏನು ಉಪಯೋಗ?

ಮಕ್ಕಳಿಗೆ ನಿಜವಾಗಿ ಏನು ಬರುತ್ತದೆಂದು ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆಯೊಂದುಂಟು. ಅಸರ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಅದರ ೨೦೨೨ರ ವರದಿಯಂತೆ, ಭಾರತದ ಹಳ್ಳಿಗಳಲ್ಲಿ ಎಂಟನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಸುಮಾರು ೭೦. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಸುಮಾರು ೪೫. ಕೇಳಿದವರ ಮನಸ್ಸು ಕುಗ್ಗುವಂಥ ಅಂಕಿ. ಆದರೆ ಅದು ಜಿಲ್ಲೆಗೆ ಮೂವತ್ತು ಹಳ್ಳಿ, ಹಳ್ಳಿಗೆ ಇಪ್ಪತ್ತು ಮನೆ ಎಂಬ ಮಾದರಿಯಿಂದ ತೆಗೆದದ್ದು. ನಾಡಿನ ಆರೋಗ್ಯ ಹೇಗಿದೆಯೆಂದು ಅದು ಹೇಳುತ್ತದೆ. ಅಂತರಸಂತೆಯ ಶಾಲೆ ಹೇಗೆ, ಹಂಪಾಪುರದ ಶಾಲೆ ಹೇಗೆ ಎಂದು ಹೇಳಲಾರದು. ಹೇಳುತ್ತೇನೆಂದು ಅದೂ ಎಂದೂ ಅಂದಿಲ್ಲ. ಅದರಿಂದ ಹೇಳಿಸಲು ಹೊರಡುವವರು ನಾವು.

ಹಾಗಾದರೆ ಏನನ್ನು ನೋಡಬೇಕು? ನಮ್ಮ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಉಪಾಧ್ಯಾಯರನ್ನು; ಅವರು ಎಷ್ಟು ಮಂದಿ ಎಂಬುದಕ್ಕಿಂತ ಯಾರು ಏನನ್ನು ಕಲಿಸುತ್ತಾರೆ ಎಂಬುದನ್ನು. ಕೆಳಗಿನ ತರಗತಿಗಳಲ್ಲಿ ಒಬ್ಬ ಸಮರ್ಥ ಉಪಾಧ್ಯಾಯರು ಎಲ್ಲ ಪಾಠಗಳನ್ನೂ ಹೇಳಬಲ್ಲರು. ಆರನೆಯ ತರಗತಿಯಿಂದ ಅದು ಸಾಲದು. ಬೀಜಗಣಿತ ಬರುತ್ತದೆ, ವಿದ್ಯುತ್ತು ಬರುತ್ತದೆ, ಇಂಗ್ಲಿಷಿನ ವಾಕ್ಯರಚನೆ ಬರುತ್ತದೆ, ಹಿಂದಿ ಬರುತ್ತದೆ. ಅದಕ್ಕಾಗಿಯೇ ಶಿಕ್ಷಣ ಹಕ್ಕಿನ ಕಾಯಿದೆಯ ಅನುಬಂಧ ಈ ಮಟ್ಟಕ್ಕೆ ಗಣಿತ ವಿಜ್ಞಾನಗಳಿಗೆ ಒಬ್ಬರು, ಸಮಾಜಶಾಸ್ತ್ರಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು, ಹೀಗೆ ಕನಿಷ್ಠಪಕ್ಷ ಮೂವರು ಇರಬೇಕೆಂದೂ, ೩೫ ಮಕ್ಕಳಿಗೆ ಒಬ್ಬರಂತೆ ಇರಬೇಕೆಂದೂ, ಮಕ್ಕಳು ನೂರು ಮೀರಿದರೆ ಪೂರ್ಣಕಾಲದ ಮುಖ್ಯೋಪಾಧ್ಯಾಯರು ಇರಬೇಕೆಂದೂ ವಿಧಿಸಿದೆ. ವರ್ಷಕ್ಕೆ ೨೨೦ ದಿನ, ೧,೦೦೦ ಗಂಟೆ ಪಾಠ ನಡೆಯಬೇಕು. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ.

ಆದರೆ ಆರು, ಏಳು, ಎಂಟು ಮೂರೂ ಸೇರಿ ಇಪ್ಪತ್ತನಾಲ್ಕು ಮಕ್ಕಳಿರುವ ಊರಿಗೆ ಮೂವರು ಪದವೀಧರ ಉಪಾಧ್ಯಾಯರನ್ನು ಕೊಡಬೇಕೆಂದಾಗ ಖಜಾನೆ ಹಿಂಜರಿಯುತ್ತದೆ. ಮಕ್ಕಳ ತಲೆ ಎಣಿಸಿ, ಇಲ್ಲಿ ಉಪಾಧ್ಯಾಯರು ಹೆಚ್ಚಾದರು ಎಂದು ಒಬ್ಬರನ್ನು ಬೇರೆ ಕಡೆಗೆ ಕಳಿಸುತ್ತಾರೆ. ಕಳಿಸಲ್ಪಟ್ಟವರು ಗಣಿತದವರಾದರೆ ಆ ಊರಿನ ಗಣಿತ ಅಲ್ಲಿಗೆ ಮುಗಿಯಿತು. ಸರಾಸರಿಯ ಕಲಮಿನಲ್ಲಿ ಮಾತ್ರ ಆ ಶಾಲೆ ಬಹು ಚೆಂದ: ಹನ್ನೆರಡು ಮಕ್ಕಳಿಗೆ ಒಬ್ಬ ಉಪಾಧ್ಯಾಯರು! ಪಟ್ಟಣದ ಯಾವ ದುಬಾರಿ ಶಾಲೆಯೂ ಅಷ್ಟು ಕೊಡಲಾರದು. ಆರರಿಂದ ಎಂಟರವರೆಗಿನ ತರಗತಿಗಳಿಗಾಗಿಯೇ ೧೫,೦೦೦ ಪದವೀಧರ ಉಪಾಧ್ಯಾಯರನ್ನು ನೇಮಿಸಲು ಸರ್ಕಾರದವರು ೨೦೨೨ರಲ್ಲಿ ಪ್ರಕಟಣೆ ಹೊರಡಿಸಿದ್ದು ಈ ಕೊರತೆ ಎಷ್ಟು ದೊಡ್ಡದೆಂಬುದಕ್ಕೆ ಸಾಕ್ಷಿ. ಖಾಲಿ ಉಳಿದ ಜಾಗಗಳಲ್ಲಿ ಅತಿಥಿ ಉಪಾಧ್ಯಾಯರು ಪಾಠ ಹೇಳುತ್ತಾರೆ. ಅತಿಥಿ ಎಂಬ ಶಬ್ದಕ್ಕೆ ನಮ್ಮಲ್ಲಿ ಎಷ್ಟು ಗೌರವವುಂಟು! ಇವರಿಗೆ ದೊರೆಯುವ ಸಂಭಾವನೆಯನ್ನು ನೋಡಿದರೆ ಆ ಶಬ್ದವನ್ನು ಆರಿಸಿದವರಿಗೆ ಹಾಸ್ಯಪ್ರವೃತ್ತಿ ಇದ್ದಿರಬೇಕೆನಿಸುತ್ತದೆ.

ಇದ್ದ ಉಪಾಧ್ಯಾಯರಾದರೂ ತರಗತಿಯಲ್ಲಿರುತ್ತಾರೆಯೆ? ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ, ಈ ಮೂರು ಕೆಲಸಗಳಿಗೆ ಅವರನ್ನು ಕರೆಯಲು ಕಾಯಿದೆಯೇ ಅವಕಾಶ ಕೊಟ್ಟಿದೆ. ಇವುಗಳ ಮೇಲೆ ಹಾಲಿನ ಲೆಕ್ಕ, ಅಕ್ಕಿಯ ಲೆಕ್ಕ, ಸಮವಸ್ತ್ರದ ಲೆಕ್ಕ; ಅದನ್ನೆಲ್ಲ ಯಂತ್ರಕ್ಕೆ ತುಂಬುವ ಕೆಲಸ. ಐವರಿರುವ ಶಾಲೆಯಲ್ಲಿ ಒಬ್ಬರು ಇದಕ್ಕೆ ಮೀಸಲಾದರೂ ನಡೆಯುತ್ತದೆ. ಇಬ್ಬರೇ ಇರುವಲ್ಲಿ ಒಬ್ಬರು ಮೀಸಲಾದರೆ ಅರ್ಧ ಶಾಲೆ ಮುಚ್ಚಿದಂತೆಯೇ. ಎರಡು ಶಾಲೆಗಳನ್ನು ಹೋಲಿಸುವವರು, ಕಳೆದ ವರ್ಷ ಇಲ್ಲಿ ಗಣಿತದ ಪಾಠ ಎಷ್ಟು ದಿನ ನಡೆಯಿತು ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೂ ಸಾಕು, ಅಂಕಪಟ್ಟಿಗಿಂತ ಹೆಚ್ಚು ತಿಳಿದುಬರುತ್ತದೆ.

ಈ ತಾಲ್ಲೂಕಿನ ವಿಷಯದಲ್ಲಿ ಹೆಮ್ಮೆಯಿಂದ ಹೇಳಬೇಕಾದ ಸಂಗತಿಯೊಂದಿದೆ. ನಾಡಿನಲ್ಲೆಲ್ಲ ಹರಡಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಹುಟ್ಟಿದ್ದು ಇಲ್ಲಿಯೇ, ೧೯೯೫ರಲ್ಲಿ. ಯೂನಿಸೆಫ್ ಸಂಸ್ಥೆಯ ನೆರವಿನಿಂದ ಇಲ್ಲಿನ ಕೆಲವರು ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು, ಕಂಡದ್ದನ್ನು ತಮ್ಮ ಮಕ್ಕಳಿಗೆ ಒಗ್ಗುವಂತೆ ಮಾರ್ಪಡಿಸಿಕೊಂಡರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಚೀಟಿಗಳಲ್ಲಿ ಬರೆದು, ಮಗು ತನ್ನ ನಡಿಗೆಯಲ್ಲಿ ಏರುವಂತೆ ಮಾಡಿದರು. ಎರಡು ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು ಕಲಿಯಬಹುದು. ಒಂದು ವಾರ ಹತ್ತಿ ಬಿಡಿಸಲು ಹೋದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಒಬ್ಬಿಬ್ಬರೇ ಉಪಾಧ್ಯಾಯರಿರುವ ಹಳ್ಳಿಶಾಲೆಗೆ ಇದಕ್ಕಿಂತ ಒಪ್ಪುವ ಉಪಾಯ ಬೇರೊಂದು ಸಿಕ್ಕೀತೆಂದು ನಮಗೆ ತೋರುವುದಿಲ್ಲ. ಮುಂದೆ ಇದನ್ನು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದರು.

ಆದರೆ ನಲಿ-ಕಲಿಯ ಏಣಿ ಮೂರನೆಯ ತರಗತಿಗೆ ನಿಲ್ಲುತ್ತದೆ. ನಾಲ್ಕನೆಯದರಿಂದ ಮತ್ತೆ ಪುಸ್ತಕ, ಮತ್ತೆ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಏಣಿಯ ಅರ್ಧದಲ್ಲಿದ್ದ ಮಗುವನ್ನು ಮಹಡಿಯ ಮೇಲಿದ್ದಾನೆಂದು ಭಾವಿಸಿ ಪಾಠ ಸಾಗುತ್ತದೆ. ಮೂರನೆಯ ತರಗತಿಯಲ್ಲಿ ಕೂಡಿಸಿ ಕಳೆಯಲು ಬರದಿದ್ದದ್ದು ಆರನೆಯ ತರಗತಿಯಲ್ಲಿ ಭಿನ್ನರಾಶಿಯ ಮುಂದೆ ಬಯಲಾಗುತ್ತದೆ. ಆ ಹೊತ್ತಿಗೆ ದೂರು ಬೀಳುವುದು ಮಿಡ್ಲ್ ಸ್ಕೂಲಿನ ಉಪಾಧ್ಯಾಯರ ಮೇಲೆ. ಒಂದು ಶಾಲೆಯ ಎಂಟನೆಯ ತರಗತಿಯನ್ನು ಇನ್ನೊಂದರ ಎಂಟನೆಯ ತರಗತಿಯೊಡನೆ ಹೋಲಿಸುವುದಕ್ಕಿಂತ, ಅದೇ ಮಕ್ಕಳು ಆರಕ್ಕೆ ಬಂದಾಗ ಎಲ್ಲಿದ್ದರು, ಎಂಟು ಬಿಡುವಾಗ ಎಲ್ಲಿದ್ದಾರೆ ಎಂದು ಹೋಲಿಸುವುದೇ ಹೆಚ್ಚು ಯುಕ್ತ. ಓದಲು ಬಾರದೆ ಬಂದ ಹುಡುಗಿಯನ್ನು ಪತ್ರಿಕೆ ಓದುವಂತೆ ಮಾಡಿ ಕಳಿಸಿದ ಶಾಲೆ ಪಟ್ಟಿಯ ಬುಡದಲ್ಲಿದ್ದರೂ ದೊಡ್ಡ ಕೆಲಸವನ್ನೇ ಮಾಡಿದೆ.

ಊಟದ ಮಾತು ಬೇಗ ಮುಗಿಯುತ್ತದೆ. ೨೦೦೧ರ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಬಂದ ಬಿಸಿಯೂಟ, ೨೦೧೩ರಲ್ಲಿ ಬಂದ ಹಾಲು, ಇವು ಶಾಲೆಶಾಲೆಗೆ ಹೆಚ್ಚು ವ್ಯತ್ಯಾಸವಿಲ್ಲದೆ ನಡೆಯುತ್ತಿವೆ. ಮೇಲಿನ ತರಗತಿಯ ಮಗುವಿಗೆ ದಿನಕ್ಕೆ ೧೫೦ ಗ್ರಾಂ ಧಾನ್ಯ ಎಂಬುದು ನಿಯಮ. ಸರ್ಕಾರದ ಕೆಲಸಗಳಲ್ಲಿ ಹಾಡಿಯವರೆಗೂ ತಲುಪಿದ ಕೆಲವೇ ಕೆಲಸಗಳಲ್ಲಿ ಇದೊಂದು.

ದೂರದ ಮಾತು ಹಾಗಲ್ಲ. ಐದರವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕೆಂದು ನಿಯಮ. ನಕ್ಷೆಯಲ್ಲಿ ಗೆರೆ ಎಳೆಯುವವರಿಗೆ ಮೂರು ಕಿಲೋಮೀಟರೆಂದರೆ ಎಲ್ಲೆಲ್ಲಿಯೂ ಒಂದೇ. ಬಯಲಿನ ರಸ್ತೆಯಲ್ಲಿ ಅದು ಅರ್ಧ ಮುಕ್ಕಾಲು ಗಂಟೆಯ ನಡಿಗೆ. ಡಿ. ಬಿ. ಕುಪ್ಪೆಯ ಕಡೆಯ ಕಾಡಿನಲ್ಲಿ ಅದು ಆನೆಯ ದಾರಿ. ಸಂಜೆ ನಾಲ್ಕೂವರೆಗೆ ಬಿಟ್ಟ ಹುಡುಗಿ ಚಳಿಗಾಲದಲ್ಲಿ ಮನೆ ಸೇರುವ ಹೊತ್ತಿಗೆ ಮಬ್ಬು ಕವಿದಿರುತ್ತದೆ. ತಂದೆ ಅವಳನ್ನು ಐದಕ್ಕೇ ನಿಲ್ಲಿಸಿದರೆ ಅದನ್ನು ಅಜ್ಞಾನವೆಂದು ಕರೆಯಲು ನಮಗೆ ಬಾಯಿ ಬಾರದು. ೨೦೦೬-೦೭ರಿಂದ ಹಲವು ವರ್ಷ ಸರ್ಕಾರದವರು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಟ್ಟರು. ಬಹಳ ಒಳ್ಳೆಯ ಕೆಲಸ. ಆದರೆ ಬಿಟ್ಟುಹೋಗುವ ಮಗು ಬಿಡುವುದು ಎಷ್ಟೋ ವೇಳೆ ಐದಕ್ಕೂ ಆರಕ್ಕೂ ನಡುವೆ. ಅಲ್ಲಿ ಬೈಸಿಕಲ್ಲಿರಲಿಲ್ಲ.

ಹಾಡಿಯ ಮಕ್ಕಳಿಗೆ ಇನ್ನೂ ಎರಡು ತೊಡಕು. ಮನೆಯಲ್ಲಿ ಅವರಾಡುವುದು ತಮ್ಮದೇ ನುಡಿ. ಕನ್ನಡಕ್ಕೆ ನೆಂಟನಾದರೂ ಪುಸ್ತಕದ ಕನ್ನಡದಿಂದ ದೂರ. ಎರಡನೆಯದಾಗಿ, ಹಾಡಿಯ ಸಂಸಾರಗಳು ಕಾಫಿ ಕುಯ್ಯುವ ಕಾಲದಲ್ಲಿ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದುಂಟು, ಮಕ್ಕಳೂ ಜೊತೆಯಲ್ಲಿ. ಅವರಿಗೆಂದು ನಡೆಸುವ ಆಶ್ರಮ ಶಾಲೆಗಳಲ್ಲಿ ಹಲವು ಕೆಳಗಿನ ತರಗತಿಗಳಿಗೇ ಮುಗಿಯುತ್ತವೆ. ಅಲ್ಲಿಂದ ಊರಿನ ದೊಡ್ಡ ಶಾಲೆಗೆ ಬಂದ ಮಗುವಿಗೆ ನುಡಿ ಹೊಸದು, ಜೊತೆಯವರು ಹೊಸಬರು, ಅವರ ಹಾಸ್ಯವೂ ಹೊಸದು. ಜೇನುಕುರುಬರನ್ನು ಅತ್ಯಂತ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಸೇರಿಸಿ ವಿಶೇಷ ಧನಸಹಾಯ ಕೊಟ್ಟರೂ, ಒಂದು ಶಾಲೆ ಅವರ ಮಕ್ಕಳನ್ನು ಎಂಟರವರೆಗೆ ಉಳಿಸಿಕೊಂಡಿತೆ ಎಂಬುದಕ್ಕೆ ಯಾವ ಹೋಲಿಕೆಯ ಪಟ್ಟಿಯಲ್ಲಿಯೂ ಒಂದು ಅಂಕವೂ ಇಲ್ಲ. ಅಷ್ಟೇ ಅಲ್ಲ, ಅಂಥ ಮಗು ಬಿಟ್ಟುಹೋದರೆ ಶಾಲೆಯ ಸರಾಸರಿ ಏರುತ್ತದೆ. ದುರ್ಬಲನನ್ನು ಕಳೆದುಕೊಂಡವರಿಗೆ ಬಹುಮಾನ, ಉಳಿಸಿಕೊಂಡವರಿಗೆ ದಂಡ! ಇಂಥ ತಕ್ಕಡಿಯನ್ನು ಸಂತೆಯಲ್ಲಿ ಯಾವ ಗಿರಾಕಿಯೂ ಒಪ್ಪುವುದಿಲ್ಲ.

ಸಣ್ಣ ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ಒಂದೇ ದೊಡ್ಡ ಶಾಲೆಗೆ ಸೇರಿಸಿದರೆ ವಿಷಯಕ್ಕೊಬ್ಬ ಉಪಾಧ್ಯಾಯರನ್ನು ಕೊಡಬಹುದಲ್ಲ ಎಂದು ಕೇಳಬಹುದು. ಈ ವಾದದಲ್ಲಿ ತಿರುಳಿಲ್ಲದಿಲ್ಲ. ರಸ್ತೆ ಚೆನ್ನಾಗಿರುವ ಬಯಲುಸೀಮೆಯ ಹಳ್ಳಿಗಳಲ್ಲಿ, ಮಕ್ಕಳನ್ನು ಕರೆತರುವ ಗಾಡಿ ದಿನವೂ ತಪ್ಪದೆ ಬರುವುದಾದರೆ, ಆರರಿಂದ ಮೇಲಿನ ತರಗತಿಗಳನ್ನು ಒಂದುಗೂಡಿಸುವುದನ್ನು ನಾವು ವಿರೋಧಿಸುವುದಿಲ್ಲ. ಗಾಡಿ ಮೊದಲು ಬರಲಿ, ಬೀಗ ಆಮೇಲೆ ಬೀಳಲಿ ಎಂಬಷ್ಟೇ ನಮ್ಮ ಕೋರಿಕೆ. ಕಾಡಂಚಿನಲ್ಲಿ ಮಾತ್ರ ಲೆಕ್ಕವೇ ಬೇರೆ. ಅಲ್ಲಿ ಹತ್ತು ಮಕ್ಕಳ ಶಾಲೆಯನ್ನು ಮುಚ್ಚಿದರೆ ಹತ್ತೂ ಮಕ್ಕಳು ದೊಡ್ಡ ಶಾಲೆಗೆ ಹೋಗುವುದಿಲ್ಲ. ಕೆಲವರು ಹೋಗುತ್ತಾರೆ, ಉಳಿದವರು ದನದ ಹಿಂದೆಯೋ ತೋಟದ ಕೂಲಿಗೋ ಹೋಗುತ್ತಾರೆ. ಉಳಿತಾಯದ ಲೆಕ್ಕ ಬರೆಯುವವರು ಈ ಉಳಿದವರನ್ನು ಯಾವ ಕಲಮಿನಲ್ಲಿ ಬರೆಯುತ್ತಾರೆ?

ಅವರನ್ನು ಬರೆಯುವ ಕಲಮನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಗುರುತುಸಂಖ್ಯೆಯಿದೆ. ರಾಜ್ಯದ ವಿದ್ಯಾರ್ಥಿಗಳ ಸಾಧನೆಯನ್ನು ಗುರುತಿಸುವ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. ೨೦೦೧ರಿಂದ ಊರೂರಿನ ಶಾಲೆಗೂ ತಂದೆತಾಯಿಗಳ ಮೇಲುಸ್ತುವಾರಿ ಸಮಿತಿ ಉಂಟು. ಮೂರು ವರ್ಷದ ಹಿಂದಿನ ಐದನೆಯ ತರಗತಿಯ ಹಾಜರಿ ಪುಸ್ತಕವನ್ನು ತೆಗೆದು, ಒಂದೊಂದು ಹೆಸರಿನ ಮುಂದೆಯೂ ಆ ಮಗು ಈಗ ಎಲ್ಲಿದೆಯೆಂದು ಬರೆಯುತ್ತ ಹೋಗಲಿ. ಊರಿನ ಶಾಲೆ, ವಸತಿ ಶಾಲೆ, ಖಾಸಗಿ ಶಾಲೆ, ಬೇರೆ ತಾಲ್ಲೂಕು, ಮನೆ, ಕೂಲಿ, ಮದುವೆ. ಇದಕ್ಕೆ ಹೊಸ ಪರೀಕ್ಷೆ ಬೇಡ, ಸಮೀಕ್ಷೆ ಬೇಡ, ಪಟ್ಟಣದಿಂದ ತಜ್ಞರು ಬರಬೇಕಾಗಿಲ್ಲ. ಊರಿನ ಸಮಿತಿಯವರಿಗೆ ಒಂದು ಸಂಜೆಯ ಕೆಲಸ, ತಾಲ್ಲೂಕಿಗೆ ಒಂದು ತಿಂಗಳ ಕೆಲಸ. ಕಡೆಯಲ್ಲಿ, ಎಲ್ಲಿದೆಯೋ ತಿಳಿಯದು ಎಂಬ ಕಲಮೂ ಒಂದು ಇರಬೇಕಾಗುತ್ತದೆ. ಯಾವ ಶಾಲೆಯ ಪಟ್ಟಿಯಲ್ಲಿ ಆ ಕಲಮು ಉದ್ದವಾಗಿದೆಯೋ, ಗಣಿತದ ಉಪಾಧ್ಯಾಯರನ್ನೂ ಮಕ್ಕಳನ್ನು ಕರೆತರುವ ಗಾಡಿಯನ್ನೂ ಮೊದಲು ಆ ಊರಿಗೆ ಕಳಿಸತಕ್ಕದ್ದು.